ಪ್ಯಾಕಪ್ ಆದ ಮೇಲೆ ಮನೆ ಎಲ್ಲಿ?

ಗೆಳೆಯರೇ, 'ಬಂಗಾರದ ಮನುಷ್ಯ' ಎಷ್ಟು ಸಲ ನೋಡಿದ್ದೀರಿ? ಲೆಕ್ಕ ಇಟ್ಟಿಲ್ಲ ಅಂತೀರಿ, ಗೊತ್ತು. 1972ರಲ್ಲಿ ತೆರೆಗೆ ಬಂದು ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ ಚಿತ್ರ. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಹೋಗಿ ನೇಗಿಲು ಹಿಡಿದವರ ಕಥೆ ನಿಮ್ಮ ತಾತನಿಗೂ ಗೊತ್ತು. ಬರಡು ನೆಲವನ್ನು ಹೊನ್ನು ಮಾಡಿದ ರಾಜೀವ, ಅಕ್ಕನ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ರಾಜೀವ, ಒಂದು ಕೆಟ್ಟ ಮಾತಿಗೆ ನೊಂದು ತಾನೇ ಕಟ್ಟಿದ ಮನೆ ಬಿಟ್ಟು ನಡೆದುಬಿಡುತ್ತಾನೆ. ಥಿಯೇಟರಿನಲ್ಲಿ ಕರ್ಚೀಫು ಒದ್ದೆ!

ಆದರೆ ಹೊರಗೆ ಬಂದ ಮೇಲೆ ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ರಾತ್ರಿ ರಾಜೀವ ಎಲ್ಲಿ ಮಲಗಿದ?

ನಗಬೇಡಿ. ಈ ವಾರದ ಅಂಕಣ ಅದೇ. ದುಡಿದು ದಣಿದ ಮನುಷ್ಯ ಪ್ಯಾಕಪ್ ಆದ ಮೇಲೆ ಎಲ್ಲಿರಬೇಕು? ಹುಟ್ಟಿದೂರಿನಲ್ಲೋ, ಅನ್ನ ಕೊಟ್ಟ ಊರಿನಲ್ಲೋ, ಮಗ ಇರುವ ಊರಿನಲ್ಲೋ? 'ನಮಗ್ಯಾಕೆ ಸ್ವಾಮಿ ಈ ವಯಸ್ಸಿಗೆ ಇದು?' ಅಂತ ಪುಟ ತಿರುಗಿಸಬೇಡಿ. ನಿಮಗೆ ಇಪ್ಪತ್ತೆರಡು ಅಂದರೆ ನಿಮ್ಮಪ್ಪನಿಗೆ ಐವತ್ತರ ಮೇಲೆ. ಇನ್ನು ಕೆಲವೇ ವರ್ಷಕ್ಕೆ ನಿಮ್ಮ ಮನೆಯ ನಡುಮನೆಯಲ್ಲೇ ಈ ರೀಲು ಓಡುತ್ತೆ!

ನಮ್ಮ ಚಿತ್ರರಂಗ ಈ ಪ್ರಶ್ನೆಯನ್ನು ಮೊದಲಿನಿಂದಲೂ ಕೇಳುತ್ತಲೇ ಬಂದಿದೆ. 1958ರಲ್ಲೇ ಬಿ. ಆರ್. ಪಂತುಲು 'ಸ್ಕೂಲ್ ಮಾಸ್ಟರ್' ತೆಗೆದರು. ನಿವೃತ್ತನಾದ ಮೇಷ್ಟ್ರು, ಅವರ ಹೆಂಡತಿ. ಪಾತ್ರ ಮಾಡಿದವರು ಪಂತುಲು ಮತ್ತು ಎಂ. ವಿ. ರಾಜಮ್ಮ. ಮಕ್ಕಳು ಮಾಡಿದ್ದೇನು? ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ! ಕೊನೆಗೆ ನೆರವಿಗೆ ಬರುವವನು ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಪಾಠ ಕಲಿತ ಹಳೆಯ ಶಿಷ್ಯ. ಸುಮಾರು ಐವತ್ತು ವರ್ಷದ ಮೇಲೆ, 2007ರಲ್ಲಿ, 'ಈ ಬಂಧನ'ದಲ್ಲಿ ವಿಷ್ಣುವರ್ಧನ್ ಮತ್ತು ಜಯಪ್ರದಾ ಅದೇ ಸಂಕಟ ಅನುಭವಿಸಿದರು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಮರೆವಿನ ಕಾಯಿಲೆಯ ಅಪ್ಪ. ಮಗ ಮುಂಬಯಿಯಲ್ಲಿ, ಅಪ್ಪ ಬೆಂಗಳೂರಿನ ಆರೈಕೆ ಮನೆಯಲ್ಲಿ. ಕಾಣೆಯಾದ ಅಪ್ಪನನ್ನು ಹುಡುಕುತ್ತಾ ಹುಡುಕುತ್ತಾ ಮಗನಿಗೆ ಅಪ್ಪ ಅಂದರೆ ಯಾರು ಅಂತ ತಿಳಿಯುತ್ತೆ. ನಾಲ್ಕು ಚಿತ್ರ, ನಾಲ್ಕು ಕಾಲ. ಪ್ರಶ್ನೆ ಮಾತ್ರ ಒಂದೇ.

ತೆರೆಯ ಮಾತು ಸಾಕು. ತೆರೆಯ ಹಿಂದೆ ನಮ್ಮ ತಾರೆಯರು ಏನು ಮಾಡಿದರು? ಅಲ್ಲೇ ಇರೋದು ಸ್ವಾರಸ್ಯ.

ಒಂದು ಕಾಲಕ್ಕೆ ಕನ್ನಡ ಚಿತ್ರ ಅಂದರೆ ಮದರಾಸು. ಸ್ಟುಡಿಯೋ ಅಲ್ಲಿ, ಲ್ಯಾಬು ಅಲ್ಲಿ, ಊಟ ಅಲ್ಲಿ, ಸಂಸಾರವೂ ಅಲ್ಲೇ. ಪುನೀತ್ ಹುಟ್ಟಿದ್ದು 1975ರಲ್ಲಿ ಮದರಾಸಿನಲ್ಲೇ. ಆಮೇಲೆ ಉದ್ಯಮ ಮೆಲ್ಲಗೆ ಬೆಂಗಳೂರಿಗೆ ಬಂತು. ಆಗ ಪ್ರತಿಯೊಬ್ಬ ಕಲಾವಿದನಿಗೂ ಇದೇ ಪ್ರಶ್ನೆ. ಬರೋದಾ, ಇರೋದಾ?

ಪಂಡರಿಬಾಯಿ ಇದ್ದರು. 'ಬೇಡರ ಕಣ್ಣಪ್ಪ'ದಲ್ಲಿ ಅಣ್ಣಾವ್ರಿಗೆ ಮೊದಲ ನಾಯಕಿಯಾದ ಆ ತಾಯಿ ಹುಟ್ಟಿದ್ದು ಭಟ್ಕಳದಲ್ಲಿ, ಬದುಕು ಕಟ್ಟಿಕೊಂಡಿದ್ದು ಮದರಾಸಿನಲ್ಲಿ. 2003ರಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲೇ. ಹುಟ್ಟಿದೂರೇ ಸ್ವಂತ ಊರು ಅಂತ ಯಾರು ಹೇಳಿದ್ದು? ನೆರೆಹೊರೆ ಎಲ್ಲಿದೆಯೋ ಅದೂ ಊರೇ.

ಬಿ. ಸರೋಜಾದೇವಿ ನಾಲ್ಕು ಭಾಷೆ ಆಳಿದರು, ಕೊನೆಗೆ ನೆಲೆಸಿದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. 2025ರ ಜುಲೈ 14ರಂದು ತೀರಿಕೊಂಡಾಗ ಅವರನ್ನು ಒಯ್ದಿದ್ದು ಚನ್ನಪಟ್ಟಣ ತಾಲ್ಲೂಕಿನ ದಶವಾರಕ್ಕೆ, ಸ್ವಂತ ಊರಿಗೆ. ಬದುಕೋಕೆ ಒಂದು ಊರು, ಮಣ್ಣಿಗೆ ಒಂದು ಊರು. ಅದೂ ಒಂದು ತೀರ್ಮಾನವೇ.

ಕೆ. ಎಸ್. ಅಶ್ವಥ್ ನೋಡಿ. 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು! ಅವರು ನಂಬಿದ್ದು ಮೈಸೂರನ್ನೇ. ಬಣ್ಣ ತೊಳೆದ ಮೇಲೂ ಅಲ್ಲೇ ಇದ್ದರು. 2010ರ ಜನವರಿಯಲ್ಲಿ ಹೋಗಿದ್ದೂ ಅಲ್ಲಿಂದಲೇ. ದೊಡ್ಡ ನಗರವೂ ಅಲ್ಲ, ಕುಗ್ರಾಮವೂ ಅಲ್ಲ. ಆಸ್ಪತ್ರೆ, ಮಾರ್ಕೆಟ್ಟು, ನೆರಳಿರುವ ರಸ್ತೆ ಎಲ್ಲ ಉಂಟು. ಪಿಂಚಣಿದಾರರ ಊರು ಅಂತ ಮೈಸೂರಿಗೆ ಹೆಸರು ಸುಮ್ಮನೆ ಬಂದಿಲ್ಲ.

ಇನ್ನು ಲೀಲಾವತಿ ಅಮ್ಮ. ಅವರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಳ್ತಂಗಡಿ ಕಡೆಯ ಹುಡುಗಿ, ನೂರಾರು ಚಿತ್ರ, ಮದರಾಸಿನ ದಿನಗಳು. ಆಮೇಲೆ ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಗೆ ಬಂದು, ಮಗ ವಿನೋದ್ ರಾಜ್ ಜೊತೆ ತೋಟ ಮಾಡಿದರು. ತಾರೆಯರು ತೋಟ ಮಾಡೋದು ಹೊಸದಲ್ಲ, ಬಹಳ ಜನ ಫೋಟೋಗೆ ಮಾಡ್ತಾರೆ. ಇವರು ಮಣ್ಣಿನಲ್ಲೇ ಕೂತರು. ಆ ಊರಿನ ಜನಕ್ಕೆ ಕಾಯಿಲೆ ಬಂದರೆ ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ಅಮ್ಮ ಮದರಾಸಿನ ಆಸ್ತಿ ಮಾರಿ ಅಲ್ಲೊಂದು ಆಸ್ಪತ್ರೆ ಕಟ್ಟಿಸಿದರು. ಆಮೇಲೆ ದನಕರುಗಳಿಗೂ ಒಂದು ಆಸ್ಪತ್ರೆ. ಅದು ಉದ್ಘಾಟನೆ ಆಗಿದ್ದು 2023ರ ನವೆಂಬರಿನಲ್ಲಿ. ಡಿಸೆಂಬರ್ 8ಕ್ಕೆ ಅಮ್ಮ ಇಲ್ಲ! ಮಣ್ಣಾದದ್ದು ಅದೇ ತೋಟದಲ್ಲಿ.

ಊರಿಗೆ ಹೋಗೋದು ಅಂದರೆ ಹೀಗೆ ಹೋಗಬೇಕು. ಆದರೆ ನೆನಪಿಡಿ, ಇಲ್ಲದ ಆಸ್ಪತ್ರೆಯನ್ನು ಕಟ್ಟಿಸೋ ಶಕ್ತಿ ಲೀಲಾವತಿ ಅಮ್ಮನಿಗಿತ್ತು. ನಮ್ಮಪ್ಪ, ನಿಮ್ಮಪ್ಪನಿಗೆ ಇಲ್ಲ. ಅವರು ಆಸ್ಪತ್ರೆ ಇರುವ ಕಡೆ ಹೋಗಬೇಕು.

ಹುಟ್ಟೂರಿನ ಮೋಹಕ್ಕೆ ಇನ್ನೊಂದು ಮುಖವೂ ಉಂಟು. ಗಾಜನೂರು ಅಂದರೆ ಅಣ್ಣಾವ್ರಿಗೆ ಪ್ರಾಣ. ಎಷ್ಟೇ ಎತ್ತರಕ್ಕೆ ಹೋದರೂ ಮನಸ್ಸು ಅಲ್ಲೇ. ಅಂಥ ಊರಿನ ಮನೆಯಿಂದಲೇ 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕಾಡಿಗೆ ಒಯ್ದ. 108 ದಿನ ನಾಡಿಗೆ ನಾಡೇ ಉಸಿರು ಬಿಗಿಹಿಡಿದಿತ್ತು. ನವೆಂಬರ್ 15ಕ್ಕೆ ಬಿಡುಗಡೆ. ನಮ್ಮಪ್ಪಂದಿರಿಗೆ ವೀರಪ್ಪನ್ ಭಯ ಇಲ್ಲ ಬಿಡಿ. ಆದರೆ ಮಾತು ಒಂದೇ: ನಾವು ಬಿಟ್ಟು ಬಂದ ಊರು ನಾವು ಬಿಟ್ಟ ಹಾಗೇ ಕಾದಿರೋದಿಲ್ಲ. ಮೂವತ್ತು ವರ್ಷದಲ್ಲಿ ಜೊತೆಗಾರರು ಅರ್ಧ ಜನ ಇಲ್ಲ, ಹಂಚಿನ ಮನೆಗೆ ದಾಯಾದಿ ಬೀಗ, ಕೆರೆಗೆ ನೀರಿಲ್ಲ.

ನಮ್ಮ ಮನೆ ಮಾತು ಹೇಳ್ತೀನಿ. ನಮ್ಮಪ್ಪ ಖಾಸಗಿ ಬಸ್ಸಿನ ಡ್ರೈವರು. ಇನ್ನೆರಡು ವರ್ಷ ಸ್ಟೀರಿಂಗು, ಆಮೇಲೆ ಸಾಕು ಅಂದಿದ್ದಾರೆ. ಅವರಿಗೆ ಊರಿನ ಹುಚ್ಚು. ಅಮ್ಮನಿಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ಡಾಕ್ಟರು ಬೇಕು. 'ನಿಮ್ಮೂರಿನಲ್ಲಿ ನನಗೆ ಅತ್ತೆ ಮನೆ ನೆನಪು ಬಿಟ್ಟರೆ ಏನಿದೆ?' ಅಂತಾರೆ ಅಮ್ಮ. ನೋಡಿ, ಇದನ್ನು ಯಾವ ಡೈರೆಕ್ಟರೂ ತೋರಿಸಿಲ್ಲ. ಗಂಡಸಿಗೆ ಹುಟ್ಟೂರು ಅಂದರೆ ಗೋಲಿ ಆಡಿದ ಬೀದಿ. ಹೆಂಗಸಿಗೆ ಅದೇ ಊರು ಬಿಂದಿಗೆ ಹೊತ್ತ ದಾರಿ. ತೀರ್ಮಾನದಲ್ಲಿ ಅಮ್ಮಂದಿರದೂ ಒಂದು ವೋಟು ಇರಲಿ.

ಹಾಗಾದರೆ ನೋಡಬೇಕಾದ್ದೇನು? ಪಿಯುಸಿ ದಾಟದ ನನ್ನ ಲೆಕ್ಕ ಸರಳ.

ಮೊದಲು ಆಸ್ಪತ್ರೆ. ರಾತ್ರಿ ಎದೆ ನೋವು ಬಂದರೆ ಅರ್ಧ ಗಂಟೆಯಲ್ಲಿ ತಲುಪಬೇಕು.

ಎರಡನೆಯದು ಬಸ್ಸು. ಕಣ್ಣು ಮಂಜಾದ ಮೇಲೆ ಸ್ಕೂಟರು ಓಡಿಸೋಕೆ ಆಗಲ್ಲ. 2023ರ ಜೂನಿನಿಂದ ನಮ್ಮ ಅಮ್ಮಂದಿರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಆದರೆ ಬಸ್ಸೇ ಬಾರದ ಊರಿನಲ್ಲಿ ಪುಕ್ಕಟೆ ಟಿಕೆಟ್ಟು ಇಟ್ಟುಕೊಂಡು ಏನು ಮಾಡೋದು?

ಮೂರನೆಯದು ಮೆಟ್ಟಿಲು. ಮಗನಿಗೆ ಅಂತ ಮೇಲೊಂದು ಮಹಡಿ, ಮಗಳಿಗೆ ಅಂತ ಇನ್ನೊಂದು ಮಹಡಿ ಎತ್ತಿ, ಪಿಎಫು, ಗ್ರಾಚ್ಯುಟಿ ಎಲ್ಲ ಸಿಮೆಂಟಿಗೆ ಸುರಿದ ಅಪ್ಪಂದಿರನ್ನು ಬೀದಿಗೆ ಇಬ್ಬರಂತೆ ತೋರಿಸಬಲ್ಲೆ. ಮನೆ ದೊಡ್ಡದು, ಕೈಯಲ್ಲಿ ಕಾಸಿಲ್ಲ! ವಯಸ್ಸಾದ ಮೇಲೆ ನೆಲಮಟ್ಟದ ಎರಡು ರೂಮು ಸಾಕು.

ನಾಲ್ಕನೆಯದು ಮಾತು. ಸಂಜೆ ಹೊತ್ತು ಕೂರೋಕೆ ಒಂದು ಕಟ್ಟೆ, ಜಗಳ ಆಡೋಕೆ ಇಬ್ಬರು ಗೆಳೆಯರು ಇರಬೇಕು. ಮಾತಿಲ್ಲದ ಬಂಗಲೆಗಿಂತ ಹರಟೆ ಇರುವ ವಠಾರ ಮೇಲು.

ಐದನೆಯದು ಟ್ರಯಲ್ ಷೋ. ಚಿತ್ರಕ್ಕೇ ಪ್ರೀವ್ಯೂ ಇದೆ, ಬದುಕಿಗೆ ಬೇಡವೇ? ಸೈಟು ಕೊಳ್ಳುವ ಮುಂಚೆ ಆ ಊರಿನಲ್ಲಿ ಆರು ತಿಂಗಳು ಬಾಡಿಗೆಗೆ ಇರಲಿ. ಬೇಸಿಗೆಯ ನೀರು, ಮಳೆಗಾಲದ ಕರೆಂಟು ಎಲ್ಲ ಗೊತ್ತಾಗುತ್ತೆ.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಅಪ್ಪನ ಆಸ್ತಿ ಅಪ್ಪನ ಹೆಸರಿನಲ್ಲೇ ಇರಲಿ. 'ಈಗಲೇ ಬರೆದುಕೊಡಿ, ಆಮೇಲೆ ಆಫೀಸು ಅಲೆಯೋ ತಾಪತ್ರಯ' ಅಂತ ಪೀಡಿಸುವ ಮಗ ವಿಲನ್ ಮೀಸೆ ಇಟ್ಟುಕೊಂಡು ಬರೋದಿಲ್ಲ. ನಮ್ಮ ನಿಮ್ಮ ಹಾಗೇ ಜೀನ್ಸ್ ಹಾಕಿ ಬರ್ತಾನೆ. 'ಸ್ಕೂಲ್ ಮಾಸ್ಟರ್' ಕಾಲದಲ್ಲಿ ಮೇಷ್ಟ್ರಿಗೆ ಶಿಷ್ಯನೇ ಗತಿ. ಈಗ ಕಾನೂನೂ ಇದೆ. 2007ರಲ್ಲಿ ಹಿರಿಯ ನಾಗರಿಕರ ಪೋಷಣೆಗೆ ಕೇಂದ್ರ ಸರ್ಕಾರ ಕಾಯಿದೆ ತಂತು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬೇಕು. ಷರತ್ತನ್ನು ಪತ್ರದಲ್ಲೇ ಕಾಣುವಂತೆ ಬರೆಸಿಟ್ಟರೆ ಜಗಳ ಕಡಿಮೆ. ಇದನ್ನು ನಿಮ್ಮಪ್ಪನಿಗೆ ನೀವೇ ಓದಿ ಹೇಳಿ. ಆಗ ನೋಡಿ, ನೀವು ಯಾವ ಹೀರೋಗೂ ಕಡಿಮೆಯಿಲ್ಲ!

ಕಟೌಟಿಗೆ ಹಾಲು ಸುರಿಯೋ ಕೈ ನಮ್ಮದು. ಬೇಡ ಅನ್ನಲ್ಲ, ನಾನೂ ಸುರಿದವನೇ. ಆದರೆ ಈ ಭಾನುವಾರ ಮಾರ್ನಿಂಗ್ ಷೋಗೆ ಹೋಗುವ ಮೊದಲು ಅಪ್ಪ ಅಮ್ಮನನ್ನು ಜೊತೆಗೇ ಕೂರಿಸಿಕೊಂಡು ಒಂದು ಮಾತು ಕೇಳಿ: 'ನಿಮಗೆ ಎಲ್ಲಿರೋಕೆ ಇಷ್ಟ?' ಉತ್ತರ ನೀವು ಹೇಳಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ. ರಾಜೀವನನ್ನು ಆ ರಾತ್ರಿ ಯಾರಾದರೂ ಹೀಗೆ ಕೇಳಿದ್ದರೆ ಚಿತ್ರಕ್ಕೆ ಆ ಕ್ಲೈಮ್ಯಾಕ್ಸ್ ಇರುತ್ತಿರಲಿಲ್ಲ. ಇಲ್ಲದಿದ್ದರೂ ಪರವಾಗಿಲ್ಲ, ರಾಜೀವ ಮನೆಯಲ್ಲಿರುತ್ತಿದ್ದ.

ಮುಂದಿನ ವಾರ ಸಿಗೋಣ.