ದೊಡ್ಡವ್ವ ಕೇಳಿದ ಒಂದೇ ಪ್ರಶ್ನೆ

ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಬೆಂಗಳೂರಿನ ಆಫೀಸಲ್ಲಿ ಎಲ್ಲರೂ ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಖರ್ಚಾಯ್ತು? ಪರ್ಮಿಟ್ ಹೇಗೆ ಸಿಕ್ತು? ಆ ನೀರಿನ ಬಣ್ಣ ನಿಜಾನಾ, ಫಿಲ್ಟರಾ?

ಹಬ್ಬಕ್ಕೆ ರೋಣಕ್ಕೆ ಹೋದಾಗ ಅದೇ ಫೋಟೊಗಳನ್ನು ದೊಡ್ಡವ್ವನಿಗೂ ತೋರಿಸಿದೆ. ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಒಂದೊಂದೇ ನೋಡಿದಳು. ಆಮೇಲೆ ಕೇಳಿದಳು: "ಸುತ್ತೆಲ್ಲಾ ಉಪ್ಪುನೀರ ಐತಲ್ಲೋ. ಆ ಮಂದಿ ಕುಡ್ಯಾಕ ಏನ್ ಮಾಡ್ತಾರ?"

ಇದು ಎರೆ ಸೀಮೆಯ ಪ್ರಶ್ನೆ. ರೋಣ, ನರಗುಂದದ ಕಡೆ ಬೆಳೆದವರಿಗೆ ಇದು ತಾನಾಗಿಯೇ ಬರುತ್ತದೆ. ನಮ್ಮ ಕಪ್ಪು ಮಣ್ಣಿನ ಎಷ್ಟೋ ಊರುಗಳಲ್ಲಿ ಬಾವಿ ತೋಡಿದರೆ ನೀರು ಸಿಗುತ್ತದೆ, ಆದರೆ ಸವಳು. ಬಾಯಿಗೆ ಹಾಕಲಾಗದು, ಬೇಳೆ ಬೇಯದು. ಹಾಗಾಗಿ ಕುಡಿಯಲು ಕೆರೆ ನೀರೇ ಗತಿ. ಬಿದ್ದ ಮಳೆಯನ್ನು ಕೆರೆಯಲ್ಲಿ ಹಿಡಿದಿಟ್ಟು, ಯಾರೂ ಕಾಲು ತೊಳೆಯದಂತೆ ಕಾದು, ಕೊಡ ಹೊತ್ತು ತರುತ್ತಿದ್ದ ಕಾಲ ದೊಡ್ಡವ್ವನದು. ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಯಲ್ಲಿ ಬಂಡೆಯ ಸಂದಿನಿಂದ ಬರುವ ಅಂತರಗಂಗೆಗೆ ಜನ ಕೈಮುಗಿಯುವುದು ಸುಮ್ಮನೇ ಅಲ್ಲ. ಬೇಸಿಗೆಯಲ್ಲೂ ಬತ್ತದ ಸಿಹಿ ನೀರು ನಮ್ಮ ಕಡೆ ದೇವರಿಗೆ ಸಮ.

ಅವಳ ಪ್ರಶ್ನೆಗೆ ಉತ್ತರ ಹೇಳಬೇಕೆಂದರೆ ಮೊದಲು ಆ ದ್ವೀಪ ಹೇಗೆ ಆಯಿತು ಅಂತ ಹೇಳಬೇಕು.

ಅಟಾಲ್ ಎಂದರೆ ಸಮುದ್ರದಲ್ಲಿ ಬಿದ್ದಿರುವ ಹವಳದ ಬಳೆ ಅಂದುಕೊಳ್ಳಿ. ನಡುವೆ ಶಾಂತವಾದ ತಿಳಿ ನೀರು, ಅಂಚಿನಲ್ಲಿ ಅಲ್ಲಲ್ಲಿ ಮರಳಿನ ದ್ವೀಪ. ಇದರ ಹುಟ್ಟನ್ನು ಮೊದಲು ಸರಿಯಾಗಿ ಊಹಿಸಿದ್ದು ಚಾರ್ಲ್ಸ್ ಡಾರ್ವಿನ್, 1842ರ ಪುಸ್ತಕದಲ್ಲಿ. ಜ್ವಾಲಾಮುಖಿಯ ಬೆಟ್ಟವೊಂದು ನಿಧಾನಕ್ಕೆ ಕುಸಿಯುತ್ತದೆ, ಅದರ ಸುತ್ತ ಕಟ್ಟಿಕೊಂಡ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ, ಕೊನೆಗೆ ಬೆಟ್ಟ ಮುಳುಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ ಅಂದ. 110 ವರ್ಷ ಬಿಟ್ಟು, 1952ರಲ್ಲಿ, ಪೆಸಿಫಿಕ್ ಸಾಗರದ ಎನೆವೆಟಾಕ್ ಅಟಾಲಿನಲ್ಲಿ ಕೊರೆದು ನೋಡಿದರು. 1,200 ಮೀಟರಿಗೂ ಹೆಚ್ಚು ಆಳದವರೆಗೆ ಬರೀ ಹವಳದ ಸುಣ್ಣ, ಅದರ ಕೆಳಗೆ ಜ್ವಾಲಾಮುಖಿಯ ಕಲ್ಲು! ಮನುಷ್ಯನ ಉಗುರಿಗಿಂತ ಚಿಕ್ಕ ಜೀವಿಗಳು ಕಟ್ಟಿದ ಗೋಡೆ ಅದು.

ಪೆಸಿಫಿಕ್‌ಗೆ ಹೋಗಲು ನಮಗೆ ಕಾಸೂ ಇಲ್ಲ, ರಜೆಯೂ ಇಲ್ಲ. ಆದರೆ ನಮ್ಮದೇ ಪಶ್ಚಿಮ ಕರಾವಳಿಯ ಎದುರಿಗೆ ಅಂಥದ್ದೇ 36 ದ್ವೀಪಗಳಿವೆ. ಎಲ್ಲ ಸೇರಿಸಿದರೂ ನೆಲ ಬರೀ 32 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಅಷ್ಟರಲ್ಲೇ 64 ಸಾವಿರಕ್ಕೂ ಹೆಚ್ಚು ಜನ.

ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆ ಮಾತ್ರ ನಮ್ಮ ಸೀಮೆಯ ಎರಡು ಪಟ್ಟಿಗೂ ಹೆಚ್ಚು. ಬಿದ್ದದ್ದು ಹರಿದು ಹೋಗುವುದಿಲ್ಲ, ಮರಳಿನಲ್ಲಿ ಇಂಗುತ್ತದೆ. ಇಂಗಿದ ಮೇಲೆ ಏನಾಗುತ್ತದೆ ಗೊತ್ತೇ? ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ಅದು ಕೆಳಗಿನ ಸಮುದ್ರದ ನೀರಿನೊಡನೆ ಒಮ್ಮೆಲೇ ಬೆರೆಯದೆ ಅದರ ಮೇಲೆ ತೇಲುತ್ತಾ ನಿಲ್ಲುತ್ತದೆ. ದ್ವೀಪದ ನಡುವೆ ದಪ್ಪ, ಅಂಚಿಗೆ ತೆಳು. ಬೂದಗನ್ನಡಿಯ ಆಕಾರ. ಜನ ಆಳಕ್ಕೆ ಹೋಗದೆ ಬಾವಿ ತೋಡಿ ಆ ತೆಳು ಪದರದಿಂದಲೇ ನೀರು ತೆಗೆಯುತ್ತಾರೆ. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಬಾವಿಯ ನೀರೂ ಒಂದಿಷ್ಟು ಏರಿ ಇಳಿಯುತ್ತದೆ.

ಇದನ್ನೆಲ್ಲಾ ಕೇಳಿ ದೊಡ್ಡವ್ವ ಅಂದಳು: "ಹಂಗಾರ ನಮ್ಮಂಗ ಐತಿ. ತೆಳಗ ಸವಳು, ಮ್ಯಾಲ ಮಳಿ ನೀರು."

ಅಷ್ಟು ಚೆನ್ನಾಗಿ ನನಗೆ ಹೇಳಲು ಬಂದಿರಲಿಲ್ಲ.

ನಾನು ಹೋಗಿದ್ದು ಕಡಮತ್ ದ್ವೀಪಕ್ಕೆ. ಉದ್ದ ಸುಮಾರು 8 ಕಿಲೋಮೀಟರ್, ಅಗಲ ಎಲ್ಲೂ ಒಂದು ಕಿಲೋಮೀಟರ್ ಕೂಡ ಇಲ್ಲ. ಸೂರ್ಯ ಹುಟ್ಟುವುದನ್ನು ಒಂದು ದಂಡೆಯಲ್ಲಿ ನೋಡಿ, ಸಂಜೆ ಆಚೆ ದಂಡೆಗೆ ನಡೆದು ಹೋಗಿ ಮುಳುಗುವುದನ್ನೂ ನೋಡಬಹುದು. ಕಡಮತ್, ಅಮಿನಿ, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಈ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಈ ದ್ವೀಪಗಳು ಒಂದು ಕಾಲಕ್ಕೆ ಮಂಗಳೂರಿನ ಆಡಳಿತದಲ್ಲಿದ್ದವು. 1787ರಲ್ಲಿ ಟಿಪ್ಪುವಿನ ಕೈಗೆ ಬಂದವು, 1799ರ ನಂತರ ಬ್ರಿಟಿಷರ ಪಾಲಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿ ದೋಣಿಯಲ್ಲಿ ಮಂಗಳೂರಿಗೆ ತಂದು ಸರ್ಕಾರಕ್ಕೇ ಕೊಡಬೇಕಿತ್ತು, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು.

1956ರ ನವೆಂಬರ್ 1ರಂದು ಬಾಂಬೆ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದ ರೋಣ, ನರಗುಂದ ಕನ್ನಡ ನಾಡಿಗೆ ಬಂದವು. ಮದ್ರಾಸಿನಲ್ಲಿದ್ದ ದಕ್ಷಿಣ ಕನ್ನಡವೂ ಬಂತು. ಅದೇ ದಿನ ಅಮಿನ್‌ದಿವಿ ದ್ವೀಪಗಳು ಆ ಜಿಲ್ಲೆಯಿಂದ ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ನಾವು ರಾಜ್ಯೋತ್ಸವ ಅನ್ನುವ ದಿನ ಅವರು ಮಂಗಳೂರಿಗೆ ವಿದಾಯ ಹೇಳಿದ ದಿನವೂ ಹೌದು. ಆಡಳಿತ ಹೋದರೂ ನಂಟು ಹೋಗಲಿಲ್ಲ. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ದಿನಸಿ, ತರಕಾರಿ, ಸಿಮೆಂಟು ಸಣ್ಣ ಹಡಗುಗಳಲ್ಲಿ ಅತ್ತ ಹೋಗುತ್ತವೆ.

ಈಗ ನನ್ನ ತಪ್ಪಿನ ಕಥೆ. ಕಡಮತ್‌ನಲ್ಲಿ ಮೊದಲ ದಿನ ನಾನು ಮೂರು ಸಲ ಸ್ನಾನ ಮಾಡಿದೆ. ಈಜಿ ಬಂದಾಗಲೆಲ್ಲ ಮೈಮೇಲಿನ ಉಪ್ಪು ತೊಳೆಯಲು ಶವರ್ ಬಿಟ್ಟುಕೊಂಡು ನಿಂತೆ. ಯಾರೂ ಏನೂ ಅನ್ನಲಿಲ್ಲ. ಮರುದಿನ ಊರೊಳಗೆ ಅಡ್ಡಾಡುವಾಗ ಒಂದು ಮನೆಯ ಹಿತ್ತಲಿನ ಬಾವಿ ಇಣುಕಿ ನೋಡಿದೆ. ನೀರು ಕೈಗೆಟುಕುವಷ್ಟು ಮೇಲಿತ್ತು. ಎಷ್ಟೊಂದು ನೀರಿದೆಯಲ್ಲ ಅಂದೆ. ಮನೆಯ ಹಿರಿಯರು ನಕ್ಕು, ಪಂಪು ಜಾಸ್ತಿ ಹೊತ್ತು ಓಡಿಸಿದರೆ ಬೇಸಿಗೆಯಲ್ಲಿ ರುಚಿ ಬದಲಾಗುತ್ತದೆ ಅಂದರು. ಮೇಲಿನ ಸಿಹಿ ಎಳೆದಷ್ಟೂ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಒಮ್ಮೆ ಕೆಟ್ಟರೆ ಮತ್ತೆ ಸಿಹಿಯಾಗಲು ಮಳೆಗಾಲಗಳೇ ಬೇಕು.

ಆಗ ನನಗೆ ನೆನಪಾದದ್ದು ನರಗುಂದ. ಮಲಪ್ರಭೆಯ ಕಾಲುವೆ ಬಂದಾಗ ಬರ ತೀರಿತು ಅಂದುಕೊಂಡೆವು. ನೀರಿಗಾಗಿ, ನೀರಿನ ಕರಕ್ಕಾಗಿ 1980ರ ಜುಲೈನಲ್ಲಿ ರೈತರು ಬಂಡೆದ್ದ ಊರು ಅದು; ಮಹದಾಯಿ ನೀರಿಗಾಗಿ 2015ರಿಂದ ಧರಣಿ ಕೂತ ಊರು. ನೀರು ಸಿಗದ ನೋವು ಅಷ್ಟು ದೊಡ್ಡದು. ಆದರೆ ನೀರು ಸಿಕ್ಕ ಕೆಲವು ಹೊಲಗಳಲ್ಲಿ ಇನ್ನೊಂದು ಕಥೆ ನಡೆಯಿತು. ಎರೆ ಮಣ್ಣಿಗೆ ಅಳತೆ ಮೀರಿ ಹಾಯಿಸಿದಾಗ ಕೆಳಗಿನ ಉಪ್ಪು ಮೇಲೆದ್ದು ಬಂತು, ಹೊಲ ಸವಳು ಜವಳಾಯಿತು. ದ್ವೀಪದಲ್ಲಿ ಜಾಸ್ತಿ ಎಳೆದರೆ ಉಪ್ಪು, ನಮ್ಮಲ್ಲಿ ಜಾಸ್ತಿ ಹಾಯಿಸಿದರೆ ಉಪ್ಪು. ತಪ್ಪು ಬೇರೆ ಬೇರೆ, ಶಿಕ್ಷೆ ಒಂದೇ.

ಸರ್ಕಾರ ಸುಮ್ಮನೆ ಕೂತಿಲ್ಲ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ್ದು. ಆಳದ ತಣ್ಣನೆ ನೀರನ್ನೂ ಮೇಲಿನ ಬೆಚ್ಚನೆ ನೀರನ್ನೂ ಬಳಸಿ, ಆವಿ ಮಾಡಿ ತಣಿಸುವ ವಿಧಾನ. ಆಮೇಲೆ ಮಿನಿಕಾಯ್, ಅಗತ್ತಿಗೂ ಬಂತು. ಒಳ್ಳೆಯ ಕೆಲಸವೇ. ಆದರೆ ಅದು ಊರವರ ಬಾಯಾರಿಕೆಗೆ ಮಾಡಿದ ಲೆಕ್ಕ. 2024ರ ಜನವರಿಯಲ್ಲಿ ಪ್ರಧಾನಿಯ ಫೋಟೊಗಳು ಬಂದ ಮೇಲೆ ದೇಶವೆಲ್ಲ ಲಕ್ಷದ್ವೀಪವನ್ನು ಗೂಗಲ್‌ನಲ್ಲಿ ಹುಡುಕಿತಲ್ಲ, ಆ ನಮ್ಮೆಲ್ಲರ ಶವರ್‌ನ ಲೆಕ್ಕ ಅದರಲ್ಲಿಲ್ಲ.

ಹಾಗಾದರೆ ಹೋಗಬಾರದಾ? ಹೋಗಿ. ಪ್ರವಾಸಿಗರ ಹಣ ಅಲ್ಲಿನ ಎಷ್ಟೋ ಮನೆಗಳಿಗೆ ಬೇಕು. ಪ್ರವೇಶ ಪರವಾನಗಿ ಕೇಳುತ್ತಾರೆಂದು ಗೊಣಗಬೇಡಿ. ಅಷ್ಟು ಸಣ್ಣ ನೆಲಕ್ಕೆ ಬಾಗಿಲು ಬೇಕೇ ಬೇಕು. ಹಡಗು ಕೊಚ್ಚಿಯಿಂದ, ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಹವಳದ ಮೇಲೆ ಕಾಲಿಡಬೇಡಿ. ಸತ್ತ ಹವಳದ ಚೂರನ್ನೂ ನೆನಪಿಗೆಂದು ಜೇಬಿಗೆ ಹಾಕಬೇಡಿ, ಕಾನೂನಿನ ಪ್ರಕಾರ ಅಪರಾಧ. 1998, 2010, 2016, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿಕೊಂಡಿದೆ. ಅಲೆಯ ಹೊಡೆತ ತಡೆಯುವುದು ಆ ಗೋಡೆಯೇ. ಅದು ಕುಸಿದರೆ ಮರಳೂ ಉಳಿಯದು, ಬಾವಿಯೂ ಉಳಿಯದು.

ಮತ್ತೆ ಸ್ನಾನ? ಒಂದು ಬಕೆಟ್. ಎರಡನೇ ದಿನದಿಂದ ನಾನೂ ಅಷ್ಟರಲ್ಲೇ ಮುಗಿಸಿದೆ.

ಇದನ್ನು ಹೆಮ್ಮೆಯಿಂದ ದೊಡ್ಡವ್ವನಿಗೆ ಹೇಳಿದೆ. ಅವಳು ಫೋನ್ ವಾಪಸ್ ಕೊಡುತ್ತಾ ಅಂದಳು: "ರೋಣದಾಗ ಹುಟ್ಟಿದವಗ ಮೊದಲನೇ ದಿನಾನ ತಿಳೀಬೇಕಿತ್ತು."