ದಾನಕ್ಕೂ ಲೆಕ್ಕ ಬೇಡವೇ?

ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಹೊಸ ರಂಗಮಂಟಪದ ಉದ್ಘಾಟನೆಯಾಯಿತು. ದಾನಿಗಳು ತಮ್ಮ ತಂದೆಯವರ ಹೆಸರನ್ನು ಕರಿಕಲ್ಲಿನಲ್ಲಿ ಕೆತ್ತಿಸಿದ್ದರು. ಅಷ್ಟು ಹೊತ್ತಿಗೆ ಬೋರ್‌ವೆಲ್ ಮೋಟಾರು ಸುಟ್ಟು ಎರಡು ತಿಂಗಳಾಗಿತ್ತು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಹನಿ ನೀರಿಲ್ಲ. ಏಳನೆಯ ತರಗತಿಯ ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಿದ್ದರು. ವಂದನಾರ್ಪಣೆ ಮಾಡಿದ ನಾನೋ, ದಾನಿಗಳನ್ನು ಕರ್ಣನಿಗೆ ಹೋಲಿಸಿ ಚಪ್ಪಾಳೆ ಗಿಟ್ಟಿಸಿದೆ!

ಮರುದಿನ ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದರೆ ಹಿರಿಯರೊಬ್ಬರು, “ಕೊಡುವವರನ್ನು ಪ್ರಶ್ನೆ ಮಾಡಬಾರದು ಮೇಡಂ, ದಾನಕ್ಕೆ ಲೆಕ್ಕ ಹಿಡಿದರೆ ಪುಣ್ಯ ಕೆಡುತ್ತದೆ” ಎಂದರು. ನನ್ನ ಜಗಳವಿರುವುದು ಈ ಮಾತಿನೊಂದಿಗೇ. ಸೊಪ್ಪಿನವಳೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು, ರಸೀದಿ ಪುಸ್ತಕ ಹಿಡಿದು ಬಂದವರಿಗೆ ಐನೂರು ಕೊಟ್ಟು ಆ ದುಡ್ಡು ಏನಾಯಿತೆಂದು ಕೇಳುವುದೇ ಇಲ್ಲವಲ್ಲ!

ಕೇಳಿದವರಿದ್ದಾರೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ನಮ್ಮ ದೇಶಕ್ಕೆ ಹರಿದು ಬಂದಾಗ, ಆಸ್ಟ್ರೇಲಿಯಾದ ಪೀಟರ್ ಸಿಂಗರ್ ಒಂದು ಲೇಖನ ಬರೆದರು. ಎದುರಿನ ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತುವವರು, ದೂರದಲ್ಲಿ ಸಾಯುವ ಮಗುವನ್ನು ಏಕೆ ಬಿಡುತ್ತೀರಿ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡ ಟೋಬಿ ಆರ್ಡ್, ವಿಲಿಯಂ ಮೆಕಾಸ್ಕಿಲ್ 2009ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಬಳಗ ಕಟ್ಟಿದರು. ಗಳಿಕೆಯ ಹತ್ತರಲ್ಲೊಂದು ಪಾಲನ್ನು ಕೊಡುವುದು, ಅದೂ ಹೆಚ್ಚು ಜೀವ ಉಳಿಯುವ ಕಡೆ ಹುಡುಕಿ ಕೊಡುವುದು. ಈಗ ಹತ್ತು ಸಾವಿರಕ್ಕೂ ಹೆಚ್ಚು ಜನ ಈ ಮಾತು ಕೊಟ್ಟಿದ್ದಾರೆ. ಇಫೆಕ್ಟಿವ್ ಆಲ್ಟ್ರುಯಿಸಂ ಎಂಬ ಬಾಯಿ ತಿರುಗದ ಹೆಸರು ಇದಕ್ಕೇ.

ಅವರ ಹಣ ಸೊಳ್ಳೆಪರದೆಗೆ ಹೋಯಿತು. ಫೋಟೋಗೆ ಒದಗದ ವಸ್ತು, ಅದಕ್ಕೆ ಉದ್ಘಾಟನೆಯೂ ಇಲ್ಲ. ಕೀಟನಾಶಕ ಸವರಿದ ಪರದೆ ಒಂದಕ್ಕೆ ಕೆಲವೇ ಡಾಲರು. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿದ ಸುಮಾರು 66 ಕೋಟಿ ಮಲೇರಿಯಾ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಪರದೆಯಿಂದಲೇ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಸರ್ಕಾರಗಳ ದುಡ್ಡೂ ಅದರಲ್ಲಿ ಬೇಕಾದಷ್ಟಿದೆ. ಎಲ್ಲ ಕೀರ್ತಿಯೂ ಈ ಬಳಗದ್ದೆನ್ನಲಾರೆ.

ನಾವು ಶಾಲೆಯಲ್ಲಿ ಮಕ್ಕಳಿಗೆ ಅಗಿಸುವ ಜಂತುಹುಳುವಿನ ಮಾತ್ರೆಯೂ ಅವರ ಪಟ್ಟಿಯಲ್ಲಿತ್ತು. ಮಾತ್ರೆ ಕೊಟ್ಟರೆ ಮಕ್ಕಳ ಹಾಜರಿ ಏರುತ್ತದೆಂದು ಕೀನ್ಯಾದ ಶಾಲೆಗಳಲ್ಲಿ ಕಂಡವರು ಮೈಕೆಲ್ ಕ್ರೇಮರ್, ಎಡ್ವರ್ಡ್ ಮಿಗೆಲ್. 2015ರಲ್ಲಿ ಬೇರೆ ವಿದ್ವಾಂಸರು ಅದೇ ಅಂಕಿಗಳನ್ನು ಮತ್ತೆ ಕೂಡಿ, ತಪ್ಪುಗಳನ್ನು ಎತ್ತಿ ತೋರಿಸಿದರು. ದೊಡ್ಡ ರಂಪವೇ ಆಯಿತು. ನನಗೆ ಹಿಡಿಸಿದ್ದು ಆ ರಂಪವೇ. ನಮ್ಮ ರಂಗಮಂಟಪದ ಲೆಕ್ಕವನ್ನು ಯಾರು ಮತ್ತೆ ಕೂಡಿದರು?

“ಆ ಗುಂಪಿನ ದೊಡ್ಡ ದಾನಿ ಜೈಲಿನಲ್ಲಿದ್ದಾನಲ್ಲ” ಎಂದು ನನ್ನ ಮಗ ಚುಚ್ಚುತ್ತಾನೆ. ನಿಜ. ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ನ ಕ್ರಿಪ್ಟೋ ಕಂಪನಿ 2022ರಲ್ಲಿ ಕುಸಿಯಿತು, 2024ರಲ್ಲಿ ಅವನಿಗೆ 25 ವರ್ಷದ ಶಿಕ್ಷೆಯಾಯಿತು. ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದವರು ತಲೆ ತಗ್ಗಿಸಲೇಬೇಕು. ಎಲ್ಲರ ಲೆಕ್ಕ ಕೇಳುವವರು ಅವನ ಲೆಕ್ಕ ಕೇಳಲಿಲ್ಲ. ಆದರೆ ಅವನು ಕಳ್ಳನಾದನೆಂದು ಪರದೆಯೊಳಗೆ ಮಲಗಿದ ಮಗುವನ್ನು ಸೊಳ್ಳೆ ಕಚ್ಚುತ್ತದೆಯೇ?

ಬರುವ ಸೋಮವಾರ ಇನ್ನೊಬ್ಬ ದಾನಿಗಳು ಬರುತ್ತಾರಂತೆ; ಶಾಲೆಗೆ ಕಮಾನು ಕಟ್ಟಿಸುವ ಆಸೆಯಂತೆ. ಹೆಡ್‌ಮಾಸ್ಟರರು ಸ್ವಾಗತ ಭಾಷಣ ನನಗೇ ಒಪ್ಪಿಸಿದ್ದಾರೆ. ಹೊಸ ಮೋಟಾರಿನ ಕೊಟೇಶನ್ ತರಿಸಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ.