ಏನು ಕೇಳ್ತೀರಿ ಅನ್ನುವವರಿದ್ದಾರೆ, ಯಾಕೆ ಅನ್ನುವವರಿಲ್ಲ

ನಮ್ಮವರಲ್ಲಿ ಯಾರನ್ನಾದರೂ "ಏನು ಕೇಳ್ತಾ ಇದ್ದೀರಿ?" ಅಂತ ಕೇಳಿ ನೋಡಿ. ಮೊದಲು ಕಿವಿಯ ಇಯರ್‌ಫೋನ್ ಕೆಳಗಿಳಿಯುತ್ತದೆ. ಆಮೇಲೆ "ಏನಿಲ್ಲ, ಒಂದು ಪ್ರವಚನ" ಅನ್ನುವ ಉತ್ತರ. ಪ್ರವಚನವೇ ಆಗಿದ್ದರೆ ಸಂತೋಷ. ಆದರೆ ಪ್ರವಚನ ಕೇಳುವವನ ಕಾಲಿನ ಹೆಬ್ಬೆರಳು ತಾಳ ಹಾಕುವುದನ್ನು ನಾನಂತೂ ನೋಡಿಲ್ಲ.

ಮುಚ್ಚಿಡುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ವಿಚಾರಣೆಯ ಹಾಗೆ ಬರುತ್ತದೆ, ಗೆಳೆತನದ ಹಾಗಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಐದು ಜನ ಐದು ಹಾಡು ಕೇಳುತ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಬೆಳಕೆಯಿಂದ ಹೊನ್ನಾವರ, ಕುಮಟಾದವರೆಗೆ ಬ್ಯಾರಿ ಮನೆಗಳು ಅಲ್ಲೊಂದು ಇಲ್ಲೊಂದು. ಮದುವೆಯಾಗಿಯೋ ವ್ಯಾಪಾರಕ್ಕೋ ದಕ್ಷಿಣದಿಂದ ಬಂದು ನಿಂತವರು. ಮನೆಯೊಳಗೆ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಕೊಂಕಣಿ, ಭಟ್ಕಳ ಪೇಟೆಗೆ ಹೋದರೆ ನವಾಯತಿ, ನೆಂಟರಲ್ಲಿ ಕೆಲವರದ್ದು ದಖನಿ ಉರ್ದು. ಕಿವಿಗೆ ಬೀಳುವ ಹಾಡೂ ಅಷ್ಟೇ ಬಗೆ. ಕಳೆದ ಕೆಲವು ವಾರ ನಾನು ಸಿಕ್ಕಿದವರನ್ನೆಲ್ಲ ಕೇಳಿದೆ: ಏನು ಕೇಳ್ತೀರಿ ಅಂತ ಮಾತ್ರ ಅಲ್ಲ, ಯಾಕೆ ಅಂತ.

ಮೀನಿನ ಲಾರಿ ಓಡಿಸುವ ಒಬ್ಬ ಕಾಕನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಗುಂಡ್ಮಿ ಕಾಳಿಂಗ ನಾವಡರ ಯಕ್ಷಗಾನದ ಪದಗಳು. 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ತೀರಿಹೋದ ಭಾಗವತರು. ಈ ಕಾಕ ಪ್ರಾಯದಲ್ಲಿ ಬಯಲಾಟಕ್ಕೆ ಕಡ್ಲೆ ಮಾರಲು ಹೋಗುತ್ತಿದ್ದರಂತೆ. "ಕಥೆ ಅರ್ಧ ನನಗೆ ಗೊತ್ತಿಲ್ಲ ಮಾರಾಯ್ರೆ. ಆ ಸ್ವರ ಮೇಲೇರುವಾಗ ನಿದ್ದೆ ಹತ್ತಿರ ಬರೋದಿಲ್ಲ. ಮೂರು ಗಂಟೆ ರಾತ್ರಿಗೆ ಹೆದ್ದಾರಿಯಲ್ಲಿ ನನಗೆ ಬೇಕಾದ್ದು ಅದು." ಹೊನ್ನಾವರ ತಾಲೂಕು ಅಂದರೆ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ ಗುಣವಂತೆ, ಕಡತೋಕದ ಭಾಗವತರು. ಈ ನೆಲದ ಗಾಳಿಯಲ್ಲೇ ಚಂಡೆ ಇದೆ. ಅದು ನಮ್ಮವನ ಕಿವಿಗೂ ಬಿದ್ದರೆ ಆಶ್ಚರ್ಯಪಡಬೇಕಾದ್ದೇನಿದೆ?

ಸೌದಿಯಿಂದ ಬಂದು ಮನೆಯಲ್ಲಿರುವ ಒಬ್ಬ ಹಿರಿಯರದ್ದು ಮುಹಮ್ಮದ್ ರಫಿ. ಅವರು ತೀರಿದ್ದು 1980ರ ಜುಲೈ 31, ರಮಳಾನ್ ತಿಂಗಳು. ಸುದ್ದಿ ತಲುಪಿದ ದಿನ ರೂಮಿನಲ್ಲಿ ಇಫ್ತಾರಿಗೆ ಖರ್ಜೂರ, ನೀರು ಬಿಟ್ಟು ಯಾರೂ ಏನೂ ಮುಟ್ಟಲಿಲ್ಲವಂತೆ. ಯಾಕೆ ರಫಿ ಅಂದರೆ ಹೆಚ್ಚು ಹೇಳಲಿಲ್ಲ. "ಆ ರೂಮಿನಲ್ಲಿ ಉಳಿದದ್ದೆಲ್ಲ ಇನ್ನೊಬ್ಬರದ್ದು. ಟೇಪ್ ರೆಕಾರ್ಡರ್ ಮಾತ್ರ ನಮ್ಮದು" ಅಂದರು.

ಉಮ್ಮಂದಿರ ಹತ್ತಿರ ಹೋದಾಗ ವಿಷಯ ಬೇರೆಯೇ ಆಯಿತು.

ಎಸ್.ಎ. ಜಮೀಲ್ ಅವರ ದುಬೈ ಕತ್ತ್ ಪಾಟ್ ಇವತ್ತಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. 1970ರ ದಶಕದಲ್ಲಿ ಗಲ್ಫ್ ಬಾಗಿಲು ತೆರೆದು ಮಲಬಾರಿನ ಗಂಡಸರು ಸಾಲಾಗಿ ಹೋದಾಗ ಹುಟ್ಟಿದ ಹಾಡು. ಊರಲ್ಲಿ ಉಳಿದ ಹೆಂಡತಿ ದುಬೈಯ ಗಂಡನಿಗೆ ಬರೆಯುವ ಪತ್ರವೇ ಹಾಡು. ಆಮೇಲೆ ಗಂಡ ಬರೆಯುವ ಉತ್ತರ ಎರಡನೇ ಹಾಡು. ಹಣ ಬರುತ್ತದೆ, ಸೀರೆ ಬರುತ್ತದೆ, ನೀವು ಬರುವುದಿಲ್ಲ ಅನ್ನುವ ಸಂಕಟ ಅದರಲ್ಲಿ ಮುಚ್ಚುಮರೆಯಿಲ್ಲದೆ ಇದೆ. ಹೆಣ್ಣಿನ ಒಂಟಿತನ, ಪ್ರಾಯ ಕಳೆದುಹೋಗುವ ನೋವು, ಯಾವುದನ್ನೂ ಬಿಟ್ಟಿಲ್ಲ. ಮಲಯಾಳಂ ನಮ್ಮ ಬ್ಯಾರಿ ಮಾತಿನ ಪಕ್ಕದ ಮನೆ ಇದ್ದ ಹಾಗೆ, ಅರ್ಥವಾಗದ್ದು ಕಡಿಮೆ. ಕ್ಯಾಸೆಟ್ ಗಡಿ ದಾಟಿ ಕಾಸರಗೋಡು, ಮಂಗಳೂರು ದಾರಿಯಾಗಿ ನಮ್ಮ ಕಡೆಗೂ ಬಂತು.

ಆಗ ಕ್ಯಾಸೆಟ್ ಅಂದರೆ ಹಾಡಿಗೆ ಮಾತ್ರ ಅಲ್ಲ. ಖಾಲಿ ಕ್ಯಾಸೆಟ್‌ನಲ್ಲಿ ಮನೆಯವರ ಮಾತು ತುಂಬಿಸಿ, ಗಲ್ಫಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಅತ್ತೆ, ಮಾವ, ನಾದಿನಿ, ಮಕ್ಕಳು ಎಲ್ಲರೂ ಸುತ್ತ ಕೂತು ಮಾತಾಡಬೇಕು. ಆ ಸಾಲಿನಲ್ಲಿ ಹೆಂಡತಿಯ ಸರದಿ ಬಂದಾಗ ಅವಳು ಏನು ಹೇಳಿಯಾಳು? "ನಾವೆಲ್ಲ ಸುಖ, ನಿಮ್ಮ ಆರೋಗ್ಯ ನೋಡಿಕೊಳ್ಳಿ." ಅಷ್ಟೇ. ಹೇಳಲಾಗದೆ ಉಳಿದದ್ದು ಇನ್ನೊಂದು ಕ್ಯಾಸೆಟ್‌ನಲ್ಲಿ, ಜಮೀಲರ ಹಾಡಿನಲ್ಲಿ ಇತ್ತು.

ಎಪ್ಪತ್ತು ದಾಟಿದ ಒಬ್ಬ ಉಮ್ಮ ನನಗೆ ಹೇಳಿದ್ದು: "ಎಲ್ಲರೂ ಮಲಗಿದ ಮೇಲೆ ಸಣ್ಣ ಸೌಂಡ್ ಇಟ್ಟು ಕೇಳ್ತಿದ್ದೆ. ಒಂದು ದಿನ ಅತ್ತೆ ಎದ್ದು ಬಂದರು. ಬೈತಾರೆ ಅಂತ ಎಣಿಸಿದೆ. ಬೈಲಿಲ್ಲ. ಬಂದು ಹತ್ತಿರ ಕೂತರು." ಅತ್ತೆಯ ಗಂಡ ಅದಕ್ಕೂ ಮೊದಲಿನ ಕಾಲದಲ್ಲಿ ಬೊಂಬಾಯಿಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಇದ್ದವರಂತೆ. ಇಷ್ಟು ವರ್ಷ ಈ ಉಮ್ಮನ ಮಕ್ಕಳಲ್ಲಿ ಒಬ್ಬರೂ ಈ ಮಾತು ಕೇಳಿಲ್ಲ. ಅವರ ಪಾಲಿಗೆ ಅದು "ಉಮ್ಮನ ಹಳೇ ಮಲಯಾಳಂ ಪಾಟ್" ಅಷ್ಟೇ.

ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ ಕೇಳುವುದು ಮಾಹೆರ್ ಝೈನ್. 2009ರಲ್ಲಿ ಬಂದ ಅವರ ಮೊದಲ ಆಲ್ಬಂ ವಾದ್ಯಗಳೊಂದಿಗೆ ಒಂದು, ಬರೇ ತಾಳವಾದ್ಯದೊಂದಿಗೆ ಒಂದು ಅಂತ ಎರಡು ರೂಪದಲ್ಲಿ ಸಿಗುತ್ತದೆ. ಅವಳ ಫೋನಿನಲ್ಲಿ ಎರಡೂ ಇವೆ. "ಮನೆಯಲ್ಲಿ ಇದು, ಬಸ್ಸಿನಲ್ಲಿ ಅದು" ಅಂತ ನಕ್ಕಳು. ಈಗ ಬಾಯಿಂದಲೇ ಡ್ರಮ್ ಸದ್ದು ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, "ವಾದ್ಯ ಇಲ್ಲ" ಅಂತ ಬರೆದು ಬಿಡುವ ನಶೀದ್‌ಗಳೂ ಬೇಕಾದಷ್ಟು. ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ಹೇಳುವುದು ನನ್ನಿಂದ ಆಗುವುದಿಲ್ಲ. ಅವಳಿಗೆ ಯಾಕೆ ಇಷ್ಟ? ಇಂಗ್ಲಿಷಿನಲ್ಲಿ, ಅರಬಿಯಲ್ಲಿ ಹಾಡುವ ಒಬ್ಬ ಮುಸ್ಲಿಮ ಹುಡುಗನ ಹಾಡು ಎಂದು ತರಗತಿಯ ಬೇರೆ ಮಕ್ಕಳಿಗೂ ತೋರಿಸಬಹುದಂತೆ. "ನಮ್ಮದು ಅಂತ ತೋರಿಸ್ಲಿಕ್ಕೆ ಬೇರೆ ಏನಿದೆ?" ಅಂದಳು. ಈ ಪ್ರಶ್ನೆ ನನಗೆ ಚುಚ್ಚಿತು.

ವಾದ್ಯ ಹಲಾಲೋ ಹರಾಮೋ ಅಂತ ಹೇಳಲು ನಾನು ಆಲಿಮ್ ಅಲ್ಲ. ವಿದ್ವಾಂಸರಲ್ಲಿ ಹಳೆಯ ಭಿನ್ನಮತ ಇದೆ, ಮದುವೆಯಲ್ಲಿ ದಫ್‌ಗೆ ಜಾಗ ಇದೆ. ಹೆಚ್ಚಿನದ್ದು ನಿಮ್ಮ ಉಸ್ತಾದರಲ್ಲಿ ಕೇಳಿ. ನನ್ನ ತಕರಾರು ಬೇರೆ. ಈ ಚರ್ಚೆ ಇಷ್ಟು ಜೋರಾಗಿ ನಡೆದ ಮೂವತ್ತು ನಲುವತ್ತು ವರ್ಷಗಳಲ್ಲಿ ನಮ್ಮ ಮನೆಗಳಿಂದ ಮೊದಲು ಹೊರಟುಹೋದದ್ದು ಯಾವ ಹಾಡು? ವಾದ್ಯವೇ ಇಲ್ಲದ ಹಾಡು! ಮೈಲಾಂಜಿ ಹಚ್ಚುವ ರಾತ್ರಿ ಹೆಂಗಸರು ಕೈ ತಟ್ಟಿ ಹೇಳುತ್ತಿದ್ದ ಪಾಟ್, ಮದುಮಗಳನ್ನು ನಡುವೆ ಕೂರಿಸಿ ಹೇಳುವ ಒಪ್ಪನೆ ಪಾಟ್, ಮಗುವನ್ನು ಮಲಗಿಸುವ ಪಾಟ್. ಗುರುವಾರ ಅಸ್ತಮಾನಕ್ಕೆ ಹೇಳುತ್ತಿದ್ದ ಮುಹ್ಯಿದ್ದೀನ್ ಮಾಲೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ-ಮಲಯಾಳಂನಲ್ಲಿ ಬರೆದದ್ದು, ನಾನೂರು ವರ್ಷ ದಾಟಿದೆ. ಓದು ಬಾರದ ಅಜ್ಜಿಯಂದಿರಿಗೆ ಅದು ಬಾಯಿಪಾಠ ಇತ್ತು. ಅದೇ ಹೊತ್ತಿಗೆ ಮದುವೆ ಹಾಲ್‌ಗೆ ಬಂದದ್ದು ಯಾವುದು? ಆಳೆತ್ತರದ ಸ್ಪೀಕರ್, ಸಿನಿಮಾ ಧಾಟಿಗೆ ಮದುಮಗನ ಹೆಸರು ಸೇರಿಸಿದ ರೆಕಾರ್ಡ್. ವಾದ್ಯಕ್ಕೆ ಹೆದರಿ ಹೆಂಗಸರ ಸ್ವರ ನಿಲ್ಲಿಸಿದೆವು, ವಾದ್ಯ ಮಾತ್ರ ನಿಲ್ಲಲಿಲ್ಲ.

2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಪುಸ್ತಕಗಳು ಬಂದವು. ಒಳ್ಳೆಯದಾಯಿತು. ಆದರೆ ಪುಸ್ತಕದಲ್ಲಿ ಪದ ಇರುತ್ತದೆ, ಧಾಟಿ ಇರುವುದಿಲ್ಲ. ಯಾವ ಸಾಲಿಗೆ ಉಸಿರು ಎಳೆಯಬೇಕು, ಎಲ್ಲಿ ಮದುಮಗಳನ್ನು ನೋಡಿ ನಗಬೇಕು ಅನ್ನುವುದು ಹೇಳುವವರ ಬಾಯಲ್ಲೇ ಇದೆ. ನಮ್ಮ ಕಡೆಯ ಮನೆಗಳಲ್ಲಂತೂ ದಕ್ಷಿಣದಿಂದ ಸೊಸೆಯಾಗಿ ಬಂದ ಒಬ್ಬಿಬ್ಬರಲ್ಲಿ ಮಾತ್ರ. ಅವರ ಸುತ್ತ ಆ ಪಾಟ್ ಗೊತ್ತಿದ್ದ ಬೇರೆ ಹೆಂಗಸರಿರಲಿಲ್ಲ. ಜೊತೆಗೆ ಹೇಳುವವರಿಲ್ಲದೆ ಅವರೂ ಬಿಟ್ಟರು. ಮಾಹೆರ್ ಝೈನ್ ಕೇಳುವ ಹುಡುಗಿಯ ಅಜ್ಜಿ ಅಂಥವರಲ್ಲೊಬ್ಬರು. ಮೊಮ್ಮಗಳಿಗೆ ಅದು ಗೊತ್ತಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಕ್ಕೆ ಹತ್ತು ಹಾಡು ಬರುತ್ತವೆ. ಹಾಡಿದ್ದು ಯಾರು, ಬರೆದದ್ದು ಯಾರು, ಕಳುಹಿಸಿದವರಿಗೆ ಅದು ಯಾಕೆ ಬೇಕಾಯಿತು ಅಂತ ಒಂದರಲ್ಲೂ ಇರುವುದಿಲ್ಲ. ಇನ್ನು ಮುಂದೆ ಹಾಡು ಕಳುಹಿಸುವವರು ಅದರ ಕೆಳಗೆ ಎರಡು ಮಾತು ಬರೆಯಿರಿ. ಬರೆಯಲು ಉದಾಸೀನವಾದರೆ ವಾಯ್ಸ್ ಹಾಕಿ.

ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಈ ವಾರವೇ ಕೇಳಿ. ಗಂಡಸರು ಕೇಳಿದರೆ ಹೇಳಲಿಕ್ಕಿಲ್ಲ, ಮಗಳೋ ಮೊಮ್ಮಗಳೋ ಹತ್ತಿರ ಕೂತು ಕೇಳಲಿ. ರೆಕಾರ್ಡ್ ಮಾಡುತ್ತೇವೆ ಅಂತ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಹೊರಗೆ ಕಳುಹಿಸಬೇಡಿ ಅಂದರೆ ಕಳುಹಿಸಬೇಡಿ, ಮನೆಯಲ್ಲೇ ಇರಲಿ. ಫ್ಯಾನ್ ಆಫ್ ಮಾಡಿ, ಫೋನನ್ನು ದಿಂಬಿನ ಮೇಲಿಡಿ. ನಡುವೆ ಮರೆತು ನಿಲ್ಲಿಸಿದರೆ ಅವಸರ ಮಾಡಬೇಡಿ, ರೆಕಾರ್ಡ್ ಓಡುತ್ತಲೇ ಇರಲಿ. ಮುಗಿದ ಮೇಲೆ ಇಷ್ಟು ಕೇಳಿ: ಇದನ್ನು ಯಾರಿಂದ ಕಲಿತಿರಿ, ಯಾರ ಮದುವೆಯಲ್ಲಿ ಹೇಳಿದಿರಿ, ಕೊನೆಯ ಸಲ ಹೇಳಿದ್ದು ಯಾವಾಗ.